ಗಾಟಿಂಗೆನ್‌ನಲ್ಲಿ ಸೂರ್ಯನನ್ನು ಓದಲು ಸಂಬಳ

ಜರ್ಮನಿಯಲ್ಲಿ ಪಿಎಚ್‌.ಡಿ ಮಾಡಿದೆ ಅಂದರೆ ನಮ್ಮೂರ ಕಡೆ ಮೊದಲು ಬರುವ ಪ್ರಶ್ನೆ, "ಎಷ್ಟು ಖರ್ಚಾಯ್ತು?" ಎರಡನೆಯದು, "ಲೋನ್ ತೆಗೆದ್ರಾ, ತೋಟ ಅಡ ಇಟ್ರಾ?" ಎರಡೂ ಇಲ್ಲ ಎಂದರೆ ಯಾರೂ ನಂಬುವುದಿಲ್ಲ. ಫೀಸು ಕಟ್ಟಲಿಲ್ಲ, ಸಂಬಳ ತಗೊಂಡು ಮಾಡಿದೆ ಅಂದಾಗಲಂತೂ ಕೇಳಿದವರು ಪಕ್ಕದವರ ಮುಖ ನೋಡುತ್ತಾರೆ. ನಮ್ಮದು ತಿಪಟೂರು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು. ಸಂಬಳ ಕೊಟ್ಟು ಓದಿಸುವ ಜನರೂ ಇದ್ದಾರೆ ಎಂದು ಅವರನ್ನು ನಂಬಿಸಲು ನನಗೆ ಪಿಎಚ್‌.ಡಿ ಇಂಟರ್‌ವ್ಯೂಗಿಂತ ಜಾಸ್ತಿ ಕಷ್ಟವಾಯಿತು. ಅದಕ್ಕೇ ಈ ದಾರಿ ಹೇಗಿರುತ್ತದೆ ಅಂತ ಬಿಡಿಸಿ ಬರೆಯುತ್ತಿದ್ದೇನೆ.

ಗಾಟಿಂಗೆನ್ ಉತ್ತರ-ಮಧ್ಯ ಜರ್ಮನಿಯ ಒಂದು ಯೂನಿವರ್ಸಿಟಿ ಊರು. ಅಲ್ಲಿ ಸೌರಮಂಡಲ ವಿಜ್ಞಾನಕ್ಕೇ ಅಂತ ಒಂದು ಪಿಎಚ್‌.ಡಿ ಶಾಲೆ ಇದೆ. 2002ರಲ್ಲಿ ಶುರುವಾದದ್ದು. ಮ್ಯಾಕ್ಸ್ ಪ್ಲಾಂಕ್ ಸೌರಮಂಡಲ ಸಂಶೋಧನಾ ಸಂಸ್ಥೆ ಯೂನಿವರ್ಸಿಟಿಯ ಜೊತೆ ಸೇರಿ ಇದನ್ನು ನಡೆಸುತ್ತದೆ. ಸಂಸ್ಥೆಗೆ ಪದವಿ ಕೊಡುವ ಅಧಿಕಾರ ಇಲ್ಲ. ಪದವಿ ಯೂನಿವರ್ಸಿಟಿಯದು; ಮೇಜು, ಕಂಪ್ಯೂಟರು, ಸಂಬಳ ಸಂಸ್ಥೆಯದು. ಸಂಸ್ಥೆ ಮೊದಲು ಗಾಟಿಂಗೆನ್‌ನಿಂದ ಸ್ವಲ್ಪ ದೂರದ ಲಿಂಡೌ ಅನ್ನುವ ಹಳ್ಳಿಯಲ್ಲಿತ್ತು. 2014ರಲ್ಲಿ ಊರಿಗೆ ಬಂತು. ಹಳ್ಳಿಯ ಕಾಲದಲ್ಲಿ ಪಿಎಚ್‌.ಡಿ ಮಾಡಿದ ಹಿರಿಯರು ಈಗಲೂ ಅಲ್ಲಿನ ಕಥೆ ಹೇಳುತ್ತಾರೆ. ನಮಗೆ ಸುಮ್ನೆ ಕೇಳಿಕೊಂಡು ಕೂರುವ ಕೆಲಸ.

ನನ್ನ ಸೂರ್ಯನ ಹುಚ್ಚು ಶುರುವಾದದ್ದು ಬೆಂಗಳೂರಿನಲ್ಲಿ. ಎಂ.ಎಸ್ಸಿ ಕೊನೆಯ ಪ್ರಾಜೆಕ್ಟಿಗೆ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಗೆ ಹೋಗಿದ್ದೆ. ಕೊಡೈಕೆನಾಲ್ ಸೌರ ವೀಕ್ಷಣಾಲಯ ಅವರದೇ. ನೂರು ವರ್ಷಕ್ಕೂ ಹಿಂದಿನಿಂದ ಅಲ್ಲಿ ದಿನಾ ಸೂರ್ಯನ ಫೋಟೋ ತೆಗೆದಿಟ್ಟಿದ್ದಾರೆ. ಆ ಗಾಜಿನ ಪ್ಲೇಟುಗಳನ್ನು ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿಗೆ ಹಾಕಿದ್ದಾರೆ. ನನ್ನ ಕೆಲಸ ಆ ಚಿತ್ರಗಳಲ್ಲಿ ಸೌರಕಲೆಗಳನ್ನು, ಅಂದರೆ ಸೂರ್ಯನ ಮೇಲಿನ ಕಪ್ಪು ಕಲೆಗಳನ್ನು, ಗುರುತಿಸುವ ಸಣ್ಣ ಪ್ರೋಗ್ರಾಂ ಬರೆಯುವುದು. ಅಲ್ಲೇ ಜಾನ್ ಎವರ್‌ಶೆಡ್ ಹೆಸರು ಗೊತ್ತಾಯಿತು.

1908ರಲ್ಲಿ ಅಮೆರಿಕದಲ್ಲಿ ಜಾರ್ಜ್ ಹೇಲ್ ಸೌರಕಲೆಗಳಲ್ಲಿ ಬಲವಾದ ಕಾಂತಕ್ಷೇತ್ರ ಇದೆ ಎಂದು ತೋರಿಸಿದ್ದರು. ಕಲೆ ಎಂದರೆ ಅನಿಲದ ದೊಡ್ಡ ಸುಳಿ ಇರಬೇಕು ಎಂಬ ಯೋಚನೆ ಆಗ ಇತ್ತು. ಮಾರನೇ ವರ್ಷ ಜನವರಿಯಲ್ಲಿ ಕೊಡೈಕೆನಾಲ್‌ನಲ್ಲಿ ಎವರ್‌ಶೆಡ್ ಕಲೆಗಳ ರೋಹಿತ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿ, ತೆಗೆದು ನೋಡಿದರೆ ಸುಳಿಯ ಸುಳಿವೇ ಇಲ್ಲ. ಅನಿಲ ಕಲೆಯ ನಡುವಿನಿಂದ ಅಂಚಿನ ಕಡೆಗೆ, ಸುತ್ತಲೂ ಹೊರಕ್ಕೆ ಹರಿಯುತ್ತಿತ್ತು. ಇವತ್ತಿಗೂ ಅದಕ್ಕೆ ಎವರ್‌ಶೆಡ್ ಪರಿಣಾಮ ಅಂತಲೇ ಹೆಸರು. ಸೌರಕಲೆಯ ನಡುವೆ ಕಪ್ಪಗಿನ ಭಾಗ ಇರುತ್ತದಲ್ಲ, ಅದರ ಸುತ್ತ ಸಿಪ್ಪೆ ಸುಲಿದ ತೆಂಗಿನಕಾಯಿಯ ನಾರಿನ ಹಾಗೆ ಎಳೆ ಎಳೆಯಾದ ಅಂಚು. ಈ ಹರಿವು ನಡೆಯುವುದು ಆ ಅಂಚಿನಲ್ಲಿ, ಸೆಕೆಂಡಿಗೆ ಕೆಲವು ಕಿಲೋಮೀಟರ್ ವೇಗದಲ್ಲಿ.

ಇಲ್ಲಿ ಒಂದು ತೊಡಕಿದೆ. ರೋಹಿತದ ಗೆರೆಗಳು ಎಷ್ಟು ಸರಿದಿವೆ ಅನ್ನುವುದರಿಂದ ಗೊತ್ತಾಗುವುದು ನಮ್ಮ ಕಡೆಗೆ ಬರುವ ಅಥವಾ ನಮ್ಮಿಂದ ದೂರ ಹೋಗುವ ವೇಗ ಮಾತ್ರ. ಅಡ್ಡಡ್ಡ ಹೋಗುವುದು ಕಾಣುವುದೇ ಇಲ್ಲ. ಅದಕ್ಕೇ ಕಲೆ ಸೂರ್ಯನ ತಟ್ಟೆಯ ನಟ್ಟನಡುವೆ ಇದ್ದಾಗ ಎವರ್‌ಶೆಡ್ ಪರಿಣಾಮ ಮಾಯವಾಗುತ್ತದೆ, ಅಂಚಿಗೆ ಸರಿದಾಗ ಚೆನ್ನಾಗಿ ತೋರುತ್ತದೆ. ಒಂದೇ ಕಲೆಯನ್ನು ಒಂದೇ ಹೊತ್ತಿಗೆ ಎರಡು ಕಡೆಯಿಂದ ನೋಡಿದರೆ? ಈ ಪ್ರಶ್ನೆ ನನ್ನ ತಲೆಯಲ್ಲಿ ಕೂತಿತು. ಸೋಲಾರ್ ಆರ್ಬಿಟರ್ ನೌಕೆ 2020ರ ಫೆಬ್ರವರಿಯಲ್ಲಿ ಹಾರಿತ್ತು. ಭೂಮಿಯಿಂದ ಬೇರೆ ಕೋನದಲ್ಲಿ ನಿಂತು ಸೂರ್ಯನ ಕಾಂತಕ್ಷೇತ್ರ ಅಳೆಯುವ ಉಪಕರಣ ಅದರಲ್ಲಿ ಇದೆ. ಹೆಸರು ಫೈ. ಅದನ್ನು ಕಟ್ಟಿದ ತಂಡದ ಮುಖ್ಯಸ್ಥರು ಗಾಟಿಂಗೆನ್‌ನ ಸಾಮಿ ಸೋಲಂಕಿ.

ನಮ್ಮಲ್ಲೇ ಪಿಎಚ್‌.ಡಿ ಮಾಡಬಾರದು ಅಂತೇನೂ ಇರಲಿಲ್ಲ. ಜೆಸ್ಟ್, ಗೇಟ್, ನೆಟ್ ಬರೆದು ಖಭೌತ ಸಂಸ್ಥೆಗೋ, ಐಐಎಸ್‌ಸಿಗೋ, ಪುಣೆಯ ಐಯುಕಾಗೋ, ಅಹಮದಾಬಾದಿನ ಪಿಆರ್‌ಎಲ್‌ಗೋ ಹೋಗಬಹುದು. ಅಲ್ಲೂ ಫೆಲೋಶಿಪ್ ಇದೆ. 2023ರ ಜನವರಿಯಿಂದ ಹೊಸದಾಗಿ ಸೇರುವ ಸಂಶೋಧನಾ ವಿದ್ಯಾರ್ಥಿಗೆ, ಅಂದರೆ ಜೆಆರ್‌ಎಫ್‌ಗೆ ತಿಂಗಳಿಗೆ 37,000 ರೂಪಾಯಿ. ಚಂದ್ರಯಾನ-3ರ ರೋವರ್ ಮೇಲಿದ್ದ ಎಕ್ಸ್-ರೇ ಉಪಕರಣ ಪಿಆರ್‌ಎಲ್‌ನವರದು. ಗ್ರಹಗಳ ಮೇಲೆ ಆಸೆ ಇದ್ದವರು ಮೊದಲು ಅಲ್ಲಿಗೆ ಅರ್ಜಿ ಹಾಕಿ ಅಂತಲೇ ಹೇಳುತ್ತೇನೆ. ನನಗೆ ಬೇಕಿದ್ದ ಡೇಟಾ ಗಾಟಿಂಗೆನ್‌ನಲ್ಲಿತ್ತು, ಅಷ್ಟೇ.

ಅರ್ಜಿಯ ವಿಷಯಕ್ಕೆ ಬರೋಣ. ಈ ಶಾಲೆ ವರ್ಷಕ್ಕೊಮ್ಮೆ ಅರ್ಜಿ ಕರೆಯುತ್ತದೆ. ಒಬ್ಬೊಬ್ಬ ಪ್ರೊಫೆಸರಿಗೂ ಮೇಲ್ ಹಾಕಿ ಕಾಯುವ ಕೆಲಸ ಇಲ್ಲ. ಒಂದೇ ಅರ್ಜಿ. ಅದರ ಜೊತೆ ಪ್ರಾಜೆಕ್ಟುಗಳ ಪಟ್ಟಿ ಇರುತ್ತದೆ. ಧೂಮಕೇತುವಿನ ಧೂಳು, ಉಲ್ಕಾಶಿಲೆಯ ಐಸೋಟೋಪು, ಗುರುಗ್ರಹದ ಒಳಗಿನ ಹರಿವು, ನಕ್ಷತ್ರಗಳ ಕಂಪನ, ಸೂರ್ಯನ ಕಾಂತಕ್ಷೇತ್ರ ಹೀಗೆ. ಯಾವುದು ಬೇಕು, ಯಾಕೆ ಬೇಕು ಅಂತ ಬರೆಯಬೇಕು. ನನ್ನ ಬರಹದ ಮೊದಲ ಕರಡಿನಲ್ಲಿ "ಚಿಕ್ಕಂದಿನಿಂದಲೂ ಆಕಾಶ ನೋಡುತ್ತಿದ್ದೆ" ಎಂಬ ಸಾಲು ಇತ್ತು. ಪ್ರಾಜೆಕ್ಟ್ ಗೈಡ್ ಮೇಡಂ ಅದಕ್ಕೆ ಅಡ್ಡಗೆರೆ ಎಳೆದರು. "ಎಲ್ಲರೂ ನೋಡಿರ್ತಾರೆ. ನೀನು ಮಾಡಿದ ಕೆಲಸ ಬರಿ" ಅಂದರು. ಕೊನೆಗೆ ಉಳಿದದ್ದು ಪ್ಲೇಟುಗಳ ಪ್ರೋಗ್ರಾಂ, ಅದರಲ್ಲಿ ಎಲ್ಲಿ ತಪ್ಪು ಬರುತ್ತಿತ್ತು, ಎರಡು ಕೋನದಿಂದ ನೋಡಿದರೆ ಏನು ತಿಳಿಯಬಹುದು. ಇಷ್ಟೇ.

ಮಾರ್ಕ್ಸ್ ಕಾರ್ಡಿನದು ಬೇರೆ ಕಥೆ. ಜರ್ಮನಿಯಲ್ಲಿ 1 ಅಂದರೆ ಅತ್ಯುತ್ತಮ, 4 ಅಂದರೆ ಪಾಸು, 5 ಅಂದರೆ ಫೇಲು. ನಮ್ಮ ಅಂಕವನ್ನು ಅದಕ್ಕೆ ತಿರುಗಿಸಲು ಬವೇರಿಯಾ ಸೂತ್ರ ಅಂತ ಒಂದು ಬಳಸುತ್ತಾರೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಗರಿಷ್ಠದಿಂದ ಪಾಸಾಗುವ ಅಂಕವನ್ನೂ ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ಹತ್ತಕ್ಕೆ ನನ್ನದು 8.2, ಪಾಸು 4. ಲೆಕ್ಕ ಹಾಕಿದರೆ 1.9. ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರ್ಲಿ ಬಿಡಮ್ಮ, ಮುಂದಿನ ಸಲ ನೋಡೋಣ" ಅಂದರು.

ರೆಕಮೆಂಡೇಶನ್ ಲೆಟರ್ ಬಗ್ಗೆ ಒಂದು ಮಾತು. ನಮ್ಮಲ್ಲಿ ಎಷ್ಟೋ ಕಡೆ "ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ" ಎನ್ನುವ ರೂಢಿ. ನನಗೂ ಒಬ್ಬರು ಹಾಗೇ ಅಂದರು. ಆದರೆ ಇಲ್ಲಿ ಲೆಟರ್ ಬರೆಯುವವರಿಗೆ ನೇರವಾಗಿ ಲಿಂಕ್ ಹೋಗುತ್ತದೆ, ನಮ್ಮ ಕೈಗೆ ಬರುವುದೇ ಇಲ್ಲ. ಆ ಲಿಂಕ್ ಅವರ ಸ್ಪ್ಯಾಮ್ ಫೋಲ್ಡರಿನಲ್ಲಿ ಮಲಗಿತ್ತು. ಗಡುವಿನ ಹಿಂದಿನ ಸಂಜೆ ಡಿಪಾರ್ಟ್‌ಮೆಂಟಿನ ಅಟೆಂಡರಣ್ಣ ಅವರನ್ನು ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿ ನನಗೆ ಫೋನ್ ಕೊಟ್ಟಿದ್ದರಿಂದ ಬಚಾವಾದೆ. ದೊಡ್ಡ ಹೆಸರಿನವರ ಎರಡು ಸಾಲಿಗಿಂತ ನಿಮ್ಮ ಕೆಲಸವನ್ನು ಹತ್ತಿರದಿಂದ ನೋಡಿದವರ ಒಂದು ಪುಟವೇ ಮೇಲು.

ಇನ್ನು ಪ್ರಾಜೆಕ್ಟ್ ಆರಿಸುವುದು. ಈ ಕ್ಷೇತ್ರದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ, ಆದರೆ ಹೊಸಬರು ಯಾರೂ ಇದನ್ನು ಕೇಳುವುದಿಲ್ಲ. ನಿಮ್ಮ ಕಾಂಟ್ರ್ಯಾಕ್ಟ್ ಮೂರು ವರ್ಷ. ನೌಕೆಗೆ ಆ ಲೆಕ್ಕ ಗೊತ್ತಿಲ್ಲ. ರೊಸೆಟ್ಟಾ 2004ರಲ್ಲಿ ಹಾರಿ ತನ್ನ ಧೂಮಕೇತುವನ್ನು ಮುಟ್ಟಿದ್ದು 2014ರಲ್ಲಿ. ಗುರುವಿನ ಚಂದ್ರರನ್ನು ನೋಡಲು ಹೊರಟ ಜ್ಯೂಸ್ 2023ರ ಏಪ್ರಿಲ್‌ನಲ್ಲಿ ಹಾರಿತು. ಅದರ ಒಂದು ಉಪಕರಣವನ್ನು ನಮ್ಮ ಸಂಸ್ಥೆಯ ನೇತೃತ್ವದಲ್ಲೇ ಕಟ್ಟಿದ್ದು. ಅದು ಗುರುವನ್ನು ತಲುಪುವುದು 2031ರಲ್ಲಿ. ಬುಧನ ಕಡೆ ಹೊರಟ ಬೆಪಿಕೊಲಂಬೊ 2025ರ ಡಿಸೆಂಬರಿಗೆ ತಲುಪಬೇಕಿತ್ತು. ಥ್ರಸ್ಟರಿಗೆ ಸಾಕಷ್ಟು ವಿದ್ಯುತ್ ಸಿಗದೆ ಅದು 2026ರ ನವೆಂಬರಿಗೆ ಹೋಯಿತು. ಹನ್ನೊಂದು ತಿಂಗಳು ಅಂದರೆ ಒಂದು ನೌಕೆಗೆ ಏನೂ ಅಲ್ಲ, ಪಿಎಚ್‌.ಡಿ ವಿದ್ಯಾರ್ಥಿಗೆ ಕಾಂಟ್ರ್ಯಾಕ್ಟಿನ ಮೂರನೇ ಒಂದು ಭಾಗದಷ್ಟು.

ಹಾಗಂತ ಡೇಟಾ ಇನ್ನೂ ಬಾರದ ನೌಕೆಯ ಮೇಲೆ ಪಿಎಚ್‌.ಡಿ ಮಾಡಬಾರದು ಅಂತಲ್ಲ. ಉಪಕರಣದ ಕ್ಯಾಲಿಬ್ರೇಶನ್, ಮಾಡೆಲಿಂಗ್, ಅದೂ ಒಳ್ಳೆಯ ಕೆಲಸವೇ. ಮುಂದೆ ಡೇಟಾ ಬಂದಾಗ ಅಂಥವರಿಗೇ ಬೆಲೆ. ಆದರೆ ಅದು ಗೊತ್ತಿದ್ದು ಸೇರಬೇಕು. ಇಂಟರ್‌ವ್ಯೂನಲ್ಲಿ ಕೊನೆಗೆ "ನಿಮಗೇನಾದರೂ ಕೇಳೋದಿದೆಯಾ?" ಎನ್ನುತ್ತಾರೆ. ಆಗ ಕೇಳಿಬಿಡಿ: ಡೇಟಾ ಬಂದಾಗಿದೆಯಾ? ಬರದೇ ಹೋದರೆ ನನ್ನ ಥೀಸಿಸ್ ಯಾವುದರ ಮೇಲೆ ನಿಲ್ಲುತ್ತದೆ? ಒಳ್ಳೆಯ ಗೈಡ್ ಆದರೆ ಇದಕ್ಕೆ ಸಿಟ್ಟಾಗುವುದಿಲ್ಲ. ನನಗೆ ಸಿಕ್ಕ ಉತ್ತರ ನೇರವಾಗಿತ್ತು. ನೌಕೆ 2022ರ ಮಾರ್ಚ್‌ನಲ್ಲಿ ಸೂರ್ಯನ ಹತ್ತಿರ ಹೋಗುತ್ತದೆ, ಆ ಡೇಟಾ ನಿನ್ನದು. ಅದು ಕೆಟ್ಟರೆ ಭೂಮಿಯ ಕಡೆಯಿಂದ ನೋಡುವ ಎಸ್‌ಡಿಓ ನೌಕೆಯದು 2010ರಿಂದ ರಾಶಿ ಬಿದ್ದಿದೆ.

ಇಂಟರ್‌ವ್ಯೂ ಸಾಮಾನ್ಯವಾಗಿ ಅಲ್ಲಿಗೇ ಕರೆಸಿ ಮಾಡುತ್ತಾರಂತೆ. ನಮ್ಮದು ಕೊರೊನಾ ಕಾಲ, ಎಲ್ಲವೂ ಆನ್‌ಲೈನ್. ಮೊದಲು ನಮ್ಮ ಎಂ.ಎಸ್ಸಿ ಕೆಲಸದ ಬಗ್ಗೆ ಮಾತಾಡಿಸಿದರು, ಆಮೇಲೆ ಪ್ರಶ್ನೆ. ಕಾಂತಕ್ಷೇತ್ರ ಇರುವ ಕಡೆ ರೋಹಿತದ ಗೆರೆ ಒಡೆಯುತ್ತದೆ, ಇದು ಝೀಮನ್ ಪರಿಣಾಮ. ಒಡೆಯುವ ಅಂತರ ತರಂಗಾಂತರದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಹಾಗಾದರೆ ಇನ್‌ಫ್ರಾರೆಡ್‌ನಲ್ಲಿ ನೋಡಿದರೆ ಒಳ್ಳೆಯದಲ್ಲವಾ ಅಂದರು. ಹೌದು ಅಂದೆ. "ಮತ್ತೆ ಫೈ ಯಾಕೆ 617.3 ನ್ಯಾನೋಮೀಟರಿನ ಕಬ್ಬಿಣದ ಗೆರೆ ನೋಡುತ್ತದೆ?" ಈ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಜೋರಾಗಿಯೇ ಯೋಚಿಸುತ್ತಾ ಹೋದೆ. ದೂರದರ್ಶಕದ ಬಾಯಿ 14 ಸೆಂಟಿಮೀಟರ್ ಅಷ್ಟೇ. ತರಂಗಾಂತರ ಹೆಚ್ಚಾದಷ್ಟೂ ಚಿತ್ರ ಮಸುಕು. ಇನ್‌ಫ್ರಾರೆಡ್ ಡಿಟೆಕ್ಟರನ್ನು ಜಾಸ್ತಿ ತಣ್ಣಗಿಡಬೇಕು, ಸೂರ್ಯನ ಹತ್ತಿರ ಅದು ಕಷ್ಟ. ಅಷ್ಟರಲ್ಲಿ ಒಬ್ಬರು, "ಎಸ್‌ಡಿಓ ಯಾವ ಗೆರೆ ನೋಡುತ್ತದೆ?" ಅಂತ ಕೇಳಿದರು. ಅದೂ 617.3. ಒಂದೇ ಗೆರೆಯಾದರೆ ಎರಡು ನೌಕೆಯ ಅಳತೆಯನ್ನು ನೇರವಾಗಿ ಹೋಲಿಸಬಹುದು. ಅವರಿಗೆ ಬೇಕಿದ್ದದ್ದು ಬಾಯಿಪಾಠ ಅಲ್ಲ, ಯೋಚಿಸುವ ರೀತಿ. ನಮ್ಮ ವೈವಾಗಳಲ್ಲಿ ಹೀಗೆ ಜೋರಾಗಿ ಯೋಚಿಸಿದರೆ "ಉತ್ತರ ಗೊತ್ತಿದ್ರೆ ಹೇಳಿ" ಅನ್ನುತ್ತಿದ್ದರು.

ಆಯ್ಕೆಯ ಮೇಲ್ ಬಂದ ಮೇಲೆ ಕಾಂಟ್ರ್ಯಾಕ್ಟ್ ಬಂತು. 2015ರವರೆಗೆ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗಳಲ್ಲಿ ಎಷ್ಟೋ ಪಿಎಚ್‌.ಡಿಯವರಿಗೆ ಬರೀ ಸ್ಟೈಪೆಂಡ್ ಕೊಡುತ್ತಿದ್ದರು. ಈಗ ಕೆಲಸದ ಕಾಂಟ್ರ್ಯಾಕ್ಟ್. ಅಪ್ಪ ಅದನ್ನು ಮಂಡಿಗೆ ತಗೊಂಡು ಹೋಗಿ ಇಂಗ್ಲಿಷ್ ಬಲ್ಲ ಮಾಲೀಕರ ಮಗನಿಂದ ಓದಿಸಿದರು. ಎಷ್ಟು ವರ್ಷದ ಬಾಂಡು, ವಾಪಸ್ ಕಟ್ಟುವ ಷರತ್ತು ಎಲ್ಲಿದೆ ಅಂತ ಹುಡುಕಿಸಿದರು. ಇರಲಿಲ್ಲ. "ಅಲ್ಲ ಕಣಮ್ಮ, ಇದ್ರಲ್ಲಿ ಅವರಿಗೇನು ಲಾಭ?" ಈ ಪ್ರಶ್ನೆಗೆ ಸರಿಯಾದ ಉತ್ತರ ನನಗೆ ಅಲ್ಲಿಗೆ ಹೋದಮೇಲೆ ಸಿಕ್ಕಿತು. ಅಲ್ಲಿನ ಸಂಶೋಧನೆಯಲ್ಲಿ ದಿನದಿನದ ಕೆಲಸದ ದೊಡ್ಡ ಪಾಲು ಮಾಡುವವರು ಪಿಎಚ್‌.ಡಿಯವರೇ. ದುಡಿಸಿಕೊಳ್ಳುತ್ತಾರೆ, ಸಂಬಳ ಕೊಡುತ್ತಾರೆ. ದಾನ ಅಲ್ಲ.

ಗಾಟಿಂಗೆನ್‌ಗೆ ಹೋದವರು ಮೊದಲು ಮಾಡಬೇಕಾದ ಕೆಲಸ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸುವುದು. ಆ ಕಾಗದ ಇಲ್ಲದೆ ಮುಂದಿನ ಯಾವ ಕಾಗದವೂ ಅಲುಗಾಡುವುದಿಲ್ಲ. ಅಲ್ಲಿನ ಹೆಂಗಸು ನನ್ನ ಧರ್ಮ ಕೇಳಿದಾಗ ಒಂದು ಕ್ಷಣ ಗಾಬರಿಯಾಯಿತು. ವಿಷಯ ತೆರಿಗೆಯದು. ಚರ್ಚಿನ ಸದಸ್ಯರಾದರೆ ಆ ರಾಜ್ಯದಲ್ಲಿ ಆದಾಯ ತೆರಿಗೆಯ ಮೇಲೆ ಇನ್ನೂ 9% ಚರ್ಚ್ ತೆರಿಗೆ ಹಿಡಿಯುತ್ತಾರೆ. ನಾವು ಹಿಂದೂಗಳು ಅಂದೆ. ಅವಳು ನಕ್ಕು, "ಹಾಗಾದ್ರೆ ಉಳಿತಾಯ" ಅಂದಳು. ಮನೆಯಲ್ಲಿ ಟಿವಿ ಇರಲಿ ಬಿಡಲಿ, ಮನೆಗೆ ತಿಂಗಳಿಗೆ 18.36 ಯೂರೋ ರೇಡಿಯೋ-ಟಿವಿ ಶುಲ್ಕ ಕಟ್ಟಿ ಅಂತ ಪತ್ರ ಬರುತ್ತದೆ. ಅದರಿಂದ ಮಾತ್ರ ಯಾವ ದೇವರೂ ಕಾಪಾಡುವುದಿಲ್ಲ.

ಮೊದಲ ಸಂಬಳದ ಚೀಟಿ ಇನ್ನೂ ಇಟ್ಟುಕೊಂಡಿದ್ದೇನೆ. ಮೇಲೆ ಒಂದು ಮೊತ್ತ, ಕೆಳಗೆ ಇನ್ನೊಂದು, ನಡುವೆ ಕತ್ತರಿ. ಆದಾಯ ತೆರಿಗೆ, ಆರೋಗ್ಯ ವಿಮೆ, ಮುಪ್ಪಿನ ಆರೈಕೆಯ ವಿಮೆ, ನಿರುದ್ಯೋಗ ವಿಮೆ, ಪಿಂಚಣಿಗೆ 9.3%. ಸರ್ಕಾರಿ ವೇತನ ಪಟ್ಟಿಯ ಇ13 ಅನ್ನುವ ದರ್ಜೆಯಿಂದ ಲೆಕ್ಕ ಹಿಡಿಯುತ್ತಾರೆ, ಆದರೆ ಪಿಎಚ್‌.ಡಿಯವರಿಗೆ ಅದರ ಒಂದು ಭಾಗ ಮಾತ್ರ. ಅದೇ ದರ್ಜೆಯ ಪೂರ್ತಿ ಸಂಬಳ ಪಡೆಯುವ, ಪಿಎಚ್‌.ಡಿ ಮುಗಿಸಿ ಸಂಶೋಧನೆ ಮುಂದುವರಿಸಿದ ಪೋಸ್ಟ್‌ಡಾಕ್ ನನ್ನ ಪಕ್ಕದ ಮೇಜಿನಲ್ಲಿದ್ದ. ಕೆಲಸದ ಹೊತ್ತು ಮಾತ್ರ ಇಬ್ಬರದೂ ಒಂದೇ. ಇದು ಸರಿಯಲ್ಲ ಅಂತ ಅಲ್ಲಿನ ಪಿಎಚ್‌.ಡಿ ವಿದ್ಯಾರ್ಥಿಗಳೇ ಎಷ್ಟೋ ವರ್ಷದಿಂದ ಜಗಳ ಆಡುತ್ತಿದ್ದಾರೆ, ನನಗೂ ಅದು ಸರಿ ಅನಿಸಲಿಲ್ಲ. ಆದರೂ ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆ, ಊಟ, ಸೈಕಲ್ಲು, ಊರಿಗೆ ಅಷ್ಟಿಷ್ಟು ಕಳಿಸುವುದು, ಎಲ್ಲಕ್ಕೂ ಸಾಕಾಯಿತು. ಯೂನಿವರ್ಸಿಟಿಗೆ ಕಟ್ಟಿದ್ದು ಆರು ತಿಂಗಳಿಗೊಮ್ಮೆ ಕೆಲವು ನೂರು ಯೂರೋ. ಅದರಲ್ಲೇ ಬಸ್ಸು, ರೈಲಿನ ಪಾಸೂ ಸೇರಿತ್ತು. ರಜೆ ವರ್ಷಕ್ಕೆ 30 ದಿನ. ಅದನ್ನು ತಗೊಳ್ಳದಿದ್ದರೆ ಆಫೀಸಿನವರೇ ಕೇಳುತ್ತಾರೆ.

ಸಂಸ್ಥೆಯ ಒಳಗೆಲ್ಲ ಇಂಗ್ಲಿಷ್, ಎಲ್ಲರನ್ನೂ ಹೆಸರು ಹಿಡಿದು ಕರೆಯಬೇಕು. ಅರವತ್ತು ದಾಟಿದ ಡೈರೆಕ್ಟರನ್ನು ಹೆಸರಿಟ್ಟು ಕರೆಯಲು ನನಗೆ ನಾಲಿಗೆಯೇ ಹೊರಳಲಿಲ್ಲ. ಸರ್ ಅಂದರೆ ಅವರು ನಗುತ್ತಾರೆ. ಹಾಗಾಗಿ ಎಷ್ಟೋ ತಿಂಗಳು ಯಾರನ್ನೂ ಏನೂ ಅಂತ ಕರೆಯದೆ, ಎದುರಿಗೆ ಹೋಗಿ ನಿಂತು ಅವರೇ ನೋಡುವವರೆಗೆ ಕಾದು ಕಾಲ ತಳ್ಳಿದೆ.

2022ರ ಮಾರ್ಚ್ 26ರಂದು ಸೋಲಾರ್ ಆರ್ಬಿಟರ್ ಭೂಮಿ-ಸೂರ್ಯರ ದೂರದ ಮೂರನೇ ಒಂದು ಭಾಗಕ್ಕಿಂತ ಹತ್ತಿರ ಹೋಯಿತು. ಡೇಟಾ ಅವತ್ತೇ ಬರುವುದಿಲ್ಲ. ನೌಕೆ ಭೂಮಿಯಿಂದ ಕೋಟಿಗಟ್ಟಲೆ ಕಿಲೋಮೀಟರ್ ದೂರ. ಹತ್ತು ಉಪಕರಣಗಳ ನಡುವೆ ಕಳಿಸುವ ಸರದಿ ಹಂಚಬೇಕು. ಫೈ ಒಂದು ಸಲಕ್ಕೆ 24 ಚಿತ್ರ ತೆಗೆಯುತ್ತದೆ: ಆರು ತರಂಗಾಂತರ, ಪ್ರತಿಯೊಂದಕ್ಕೂ ಬೆಳಕಿನ ನಾಲ್ಕು ಧ್ರುವೀಕರಣ (ಬೆಳಕಿನ ಅಲೆ ಅಲುಗಾಡುವ ಬಗೆ). ಅಷ್ಟನ್ನೂ ಕಳಿಸಲು ಆಗದು ಎಂದು, ಬೇಕಾದಾಗ ನೌಕೆಯೇ ಅಲ್ಲೇ ಲೆಕ್ಕ ಹಾಕಿ ಐದು ನಕ್ಷೆ ಮಾಡಿ ಕಳಿಸುವ ಏರ್ಪಾಡಿದೆ. ಎಷ್ಟು ಬೆಳಕು, ಎಷ್ಟು ವೇಗ, ಕಾಂತಕ್ಷೇತ್ರ ಎಷ್ಟು ಬಲ, ಎಷ್ಟು ವಾಲಿದೆ, ಯಾವ ದಿಕ್ಕಿಗಿದೆ. ನನಗೆ ಬೇಕಿದ್ದ ಚಿತ್ರಗಳು ಕಂತು ಕಂತಾಗಿ ಬಂದವು.

ಬಂದದ್ದು ನೇರ ಉಪಯೋಗಕ್ಕೂ ಇರಲಿಲ್ಲ. ಸೂರ್ಯನ ಹತ್ತಿರ ಹೋದಂತೆ ದೂರದರ್ಶಕದ ಮುಂದಿನ ಗಾಜು ಬಿಸಿಯಾಗುತ್ತದೆ. ನಡುವೆ ಒಂದು ಬಿಸಿ, ಅಂಚಿನಲ್ಲಿ ಇನ್ನೊಂದು. ಆಗ ಗಾಜೇ ಒಂದು ಮಸೂರವಾಗಿ ಚಿತ್ರ ಮಸುಕಾಗುತ್ತದೆ. ಇದನ್ನು ಸರಿಪಡಿಸಲು ಒಂದು ಚಂದದ ಉಪಾಯ ಇದೆ. ಒಂದು ಚಿತ್ರ ಫೋಕಸ್‌ನಲ್ಲಿ ತೆಗೆಯುತ್ತಾರೆ. ಇನ್ನೊಂದನ್ನು ಬೇಕಂತಲೇ, ಗೊತ್ತಿರುವ ಅಳತೆಯಷ್ಟು ಫೋಕಸ್ ತಪ್ಪಿಸಿ ತೆಗೆಯುತ್ತಾರೆ. ಎರಡನೆಯದರಲ್ಲಿ ನಾವು ಸೇರಿಸಿದ ಮಸುಕು ಎಷ್ಟು ಅಂತ ಗೊತ್ತು. ಎರಡನ್ನೂ ಹೋಲಿಸಿದರೆ, ಎರಡರಲ್ಲೂ ಮೊದಲೇ ಇದ್ದ ಮಸುಕನ್ನು ಲೆಕ್ಕ ಹಾಕಿ ತೆಗೆಯಬಹುದು. ನನ್ನ ಮೊದಲ ವರ್ಷದ ಬಹುಭಾಗ ಹೋದದ್ದು ಇದರಲ್ಲೇ. ವೇಗದ್ದು ಇನ್ನೊಂದು ರಗಳೆ. ಸೆಕೆಂಡಿಗೆ ಒಂದು ಕಿಲೋಮೀಟರ್ ವೇಗಕ್ಕೆ ಆ ಗೆರೆ ಸರಿಯುವುದು ನ್ಯಾನೋಮೀಟರಿನ 0.002 ಭಾಗ. ನೌಕೆಯ ಸ್ವಂತ ಓಟ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಸರಿಸುತ್ತದೆ. ಅದನ್ನು ಹಿಂಬಾಲಿಸಲು ಫಿಲ್ಟರಿಗೆ ಕೊಡುವ ವೋಲ್ಟೇಜ್ ಬದಲಿಸುತ್ತಾ ಹೋಗಬೇಕು. ಎಲ್ಲ ಕಳೆದು ಕೂಡಿಸಿ ಕೊನೆಗೆ ಒಂದು ಕಲೆಯ ಸುತ್ತ, ನೌಕೆಯ ಕಡೆಯಿಂದಲೂ ಭೂಮಿಯ ಕಡೆಯಿಂದಲೂ, ಹೊರಕ್ಕೆ ಹರಿಯುವ ಅನಿಲ ಕಂಡಿತು. ನೋಡುವವರ ಕಡೆ ಬರುವ ನೀಲಿ ಒಂದು ಬದಿ, ದೂರ ಹೋಗುವ ಕೆಂಪು ಒಂದು ಬದಿ. ಕೊಡೈಕೆನಾಲ್‌ನಲ್ಲಿ ಎವರ್‌ಶೆಡ್ ಕಂಡದ್ದೇ. ಆದರೆ ಈಗ ಅದರ ಅಡ್ಡ ಚಲನೆಯ ಲೆಕ್ಕವೂ ಕೈಗೆ ಸಿಗುತ್ತಿತ್ತು.

ಗೈಡ್ ಒಬ್ಬರ ಕೈಯಲ್ಲೇ ಜುಟ್ಟು ಇರುವುದಿಲ್ಲ, ಇದು ನನಗೆ ತುಂಬಾ ಹಿಡಿಸಿತು. ಪ್ರತಿ ವಿದ್ಯಾರ್ಥಿಗೂ ಒಂದು ಸಲಹಾ ಸಮಿತಿ. ಆಗಾಗ ಕೂತು ಎಷ್ಟು ಕೆಲಸ ಆಗಿದೆ, ಏನು ಬಿಡಬೇಕು ಅಂತ ನೋಡುತ್ತಾರೆ. ವಿದ್ಯಾರ್ಥಿಗಳದೇ ಸೆಮಿನಾರ್ ಬೇರೆ. ಅಲ್ಲಿ ಸೂರ್ಯನವರಿಗೆ ಉಲ್ಕಾಶಿಲೆಯವರು ಪ್ರಶ್ನೆ ಕೇಳುತ್ತಾರೆ. ಎದುರು ಕೋಣೆಯ ಚಿಲಿ ದೇಶದ ಗೆಳತಿ ಧೂಳಿಲ್ಲದ ಲ್ಯಾಬಿನಲ್ಲಿ, ಕಣ್ಣು ಮಾತ್ರ ಕಾಣುವ ಬಟ್ಟೆ ತೊಟ್ಟು, ಚೂರು ಉಲ್ಕಾಶಿಲೆಯನ್ನು ಆಸಿಡ್‌ನಲ್ಲಿ ಕರಗಿಸಿ ಟೈಟಾನಿಯಂ ಐಸೋಟೋಪು ಅಳೆಯುತ್ತಿದ್ದಳು. ಆ ಶಿಲೆ ಸೂರ್ಯನಿಗೆ ಹತ್ತಿರ ಹುಟ್ಟಿದ್ದಾ, ಗುರುವಿನ ಆಚೆ ಹುಟ್ಟಿದ್ದಾ ಅಂತ ಅದರಿಂದ ಊಹಿಸಬಹುದು. ಅವಳ ಡೇಟಾಕ್ಕೆ ನೌಕೆ ಕಾಯುವ ಹಂಗಿಲ್ಲ ಎಂದು ನನಗೆ ಒಳಗೊಳಗೇ ಹೊಟ್ಟೆಕಿಚ್ಚು. ಸನ್‌ರೈಸ್ ಬಲೂನು ತಂಡದವರ ಪಾಡು ನೋಡಿದ ಮೇಲೆ ನನ್ನದು ಎಷ್ಟೋ ವಾಸಿ ಅನಿಸಿತು. ಒಂದು ಮೀಟರ್ ಕನ್ನಡಿಯ ದೂರದರ್ಶಕವನ್ನು ಬಲೂನಿಗೆ ಕಟ್ಟಿ ಸುಮಾರು 35 ಕಿಲೋಮೀಟರ್ ಮೇಲೆ ಕಳಿಸುವುದು ಅವರ ಕೆಲಸ. ಸ್ವೀಡನ್ನಿನ ಕಿರುನಾದಿಂದ ಬಿಡುತ್ತಾರೆ, ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದಿಲ್ಲ. 2022ರಲ್ಲಿ ಬಿಟ್ಟ ಸ್ವಲ್ಪ ಹೊತ್ತಿಗೇ ಇಳಿಸಬೇಕಾಯಿತು. 2024ರ ಜುಲೈನಲ್ಲಿ ಮತ್ತೆ ಬಿಟ್ಟರು. ಈ ಸಲ ಕೆನಡಾದವರೆಗೆ ಹೋಯಿತು. ಅದೇ ಡೇಟಾ ನಂಬಿ ಸೇರಿದ್ದ ಪಿಎಚ್‌.ಡಿಯವರು ಆ ಎರಡು ವರ್ಷ ಏನು ಮಾಡಿರಬೇಕು, ಯೋಚಿಸಿ.

"ಸೂರ್ಯನ ಮೇಲೆ ಕಲೆ ಇದ್ರೆ ನಮಗೇನಾಗ್ಬೇಕಮ್ಮ?" ಅಂತ ಅಪ್ಪ ಕೇಳುತ್ತಿದ್ದರು. 2024ರ ಮೇ 10ರ ರಾತ್ರಿ ಗಾಟಿಂಗೆನ್‌ನಲ್ಲಿ ಆಕಾಶ ಕೆಂಪಾಯಿತು. ಒಂದು ದೊಡ್ಡ ಕಲೆ ಗುಂಪಿನಿಂದ ಸಾಲಾಗಿ ಹೊರಟ ಸ್ಫೋಟಗಳು ಭೂಮಿಗೆ ಬಡಿದಿದ್ದವು. 2003ರ ನಂತರದ ಅತಿ ಜೋರಾದ ಕಾಂತ ಬಿರುಗಾಳಿ ಅದು. ಇಡೀ ಸಂಸ್ಥೆ ಬೀದಿಯಲ್ಲಿತ್ತು. ಎಷ್ಟೋ ವರ್ಷದಿಂದ ಸೂರ್ಯನನ್ನು ಸ್ಕ್ರೀನ್ ಮೇಲೆ ನೋಡಿದವರು ಮೊದಲ ಸಲ ಅದರ ಕೆಲಸವನ್ನು ಬರಿಗಣ್ಣಿನಲ್ಲಿ ನೋಡುತ್ತಿದ್ದರು. ಲಡಾಖಿನ ಹಾನ್ಲೆಯಲ್ಲೂ ಆಕಾಶ ಕೆಂಪಾಗಿತ್ತು, ಖಭೌತ ಸಂಸ್ಥೆಯ ಕ್ಯಾಮೆರಾಗಳಲ್ಲಿ ಸಿಕ್ಕಿತ್ತು. ಅಪ್ಪನಿಗೆ ಎರಡೂ ಫೋಟೋ ಕಳಿಸಿದೆ. ಅವರು ಮಂಡಿಯ ಗುಂಪಿಗೆ ಫಾರ್ವರ್ಡ್ ಮಾಡಿ, ಕೆಳಗೆ "ನನ್ನ ಮಗಳ ಕೆಲಸ" ಅಂತ ಬರೆದರು. ಬಿರುಗಾಳಿ ಎಬ್ಬಿಸಿದ್ದು ನಾನೇ ಅಂತ ಕೆಲವರು ತಿಳಿದುಕೊಂಡಿರಬೇಕು.

ಭಾನುವಾರ ಅಲ್ಲಿ ಅಂಗಡಿ ತೆರೆಯುವುದಿಲ್ಲ, ನಡೆಯುವುದೊಂದೇ ಕೆಲಸ. ರೈಲು ನಿಲ್ದಾಣದ ಹತ್ತಿರ ಗ್ರಹಗಳ ದಾರಿ ಅಂತ ಒಂದಿದೆ, ಸೌರಮಂಡಲವನ್ನು ಇನ್ನೂರು ಕೋಟಿ ಪಟ್ಟು ಕುಗ್ಗಿಸಿ ಬೀದಿಯಲ್ಲಿ ಇಟ್ಟಿದ್ದಾರೆ. ಸೂರ್ಯನಿಂದ ಭೂಮಿಗೆ 75 ಮೀಟರ್. ನೆಪ್ಚೂನ್ ಎರಡು ಕಿಲೋಮೀಟರಿಗೂ ದೂರ. ಊರಿನ ಸ್ಮಶಾನದಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಪ್ಲಾಂಕ್, ಗಣಿತಜ್ಞ ಹಿಲ್ಬರ್ಟ್, ಇನ್ನೊಬ್ಬ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಇದ್ದಾರೆ. ಬಾರ್ನ್ ಅವರ ಕಲ್ಲಿನ ಮೇಲೆ ಅವರದೇ ಕ್ವಾಂಟಮ್ ಸಮೀಕರಣ ಕೆತ್ತಿದೆ. 1933ರಲ್ಲಿ ನಾಜಿಗಳು ಅವರನ್ನು ಗಾಟಿಂಗೆನ್‌ನಿಂದ ಓಡಿಸಿದರು. 1935ರಲ್ಲಿ ಸಿ.ವಿ. ರಾಮನ್ ಕರೆದರು ಎಂದು ಬೆಂಗಳೂರಿನ ಐಐಎಸ್‌ಸಿಗೆ ಬಂದು ಕೆಲವು ತಿಂಗಳು ಇದ್ದರು. ರಾಮನ್ ಅವರನ್ನು ಅಲ್ಲೇ ಉಳಿಸಿಕೊಳ್ಳಲು ನೋಡಿದರು, ಆಗಲಿಲ್ಲ. ಆಗಿದ್ದರೆ ಬೆಂಗಳೂರು ಹೇಗಿರುತ್ತಿತ್ತೋ.

ಥೀಸಿಸ್ ಬರೆಯುವ ಹೊತ್ತಿಗೆ ಮೂರು ವರ್ಷ ಮುಗಿಯಿತು, ಕಾಂಟ್ರ್ಯಾಕ್ಟ್ ಸ್ವಲ್ಪ ಮುಂದಕ್ಕೆ ಹಾಕಿಕೊಟ್ಟರು. ಇದು ಎಲ್ಲರಿಗೂ ಸಿಗುತ್ತದೆ ಅಂತ ಲೆಕ್ಕ ಇಡಬೇಡಿ, ಎರಡನೇ ವರ್ಷದಲ್ಲೇ ಕೇಳಿಟ್ಟುಕೊಳ್ಳಿ. 2025ರ ಮಾರ್ಚ್‌ನಲ್ಲಿ, ನಾನು ಕೊನೆಯ ಅಧ್ಯಾಯ ತಿದ್ದುತ್ತಿದ್ದಾಗ, ಸೋಲಾರ್ ಆರ್ಬಿಟರ್ ಸೂರ್ಯನ ನಡುಗೆರೆಯಿಂದ 17 ಡಿಗ್ರಿ ಕೆಳಗಿಳಿದು ದಕ್ಷಿಣ ಧ್ರುವ ನೋಡಿತು. ಅಲ್ಲಿಯವರೆಗೆ ಯಾರೂ ಆ ಕೋನದಿಂದ ಸೂರ್ಯನ ಚಿತ್ರ ತೆಗೆದಿರಲಿಲ್ಲ. ಫೈ ನಕ್ಷೆಯಲ್ಲಿ ಧ್ರುವದ ತುಂಬಾ ಉತ್ತರ, ದಕ್ಷಿಣ ಎರಡೂ ಕಾಂತಧ್ರುವಗಳ ಕಲಸುಮೇಲೋಗರ. ಕೆಲಸ ಬಿಟ್ಟು ಅದನ್ನೇ ನೋಡುತ್ತಾ ಕೂರುವ ಆಸೆ. ಗೈಡ್ ಬಂದು ಸ್ಕ್ರೀನ್ ನೋಡಿ, "ಅದು ಮುಂದಿನ ವಿದ್ಯಾರ್ಥಿಯದು. ನೀನು ಬರಿ" ಅಂದರು.

ವೈವಾ ಆದ ದಿನ ಅಲ್ಲೊಂದು ಪದ್ಧತಿ. ಗೆಳೆಯರು ರಟ್ಟಿನ ಟೋಪಿ ಮಾಡಿ ಅದಕ್ಕೆ ನಮ್ಮ ಪಿಎಚ್‌.ಡಿಯ ಮಾನ ಕಳೆಯುವಂಥದ್ದೆಲ್ಲ ಅಂಟಿಸುತ್ತಾರೆ. ನನ್ನದರ ಮೇಲೆ ಪುಟ್ಟ ನೌಕೆ, ಅದರ ಬಾಲಕ್ಕೆ "ಡೇಟಾ ಬರುತ್ತಿದೆ" ಎಂಬ ಚೀಟಿ. ಆಮೇಲೆ ಕೈಗಾಡಿಯಲ್ಲಿ ಕೂರಿಸಿ ಹಳೇ ಟೌನ್ ಹಾಲ್ ಮುಂದಿನ ಕಾರಂಜಿಗೆ ಎಳೆದುಕೊಂಡು ಹೋಗುತ್ತಾರೆ. ಅಲ್ಲಿ ಹೆಬ್ಬಾತು ಹಿಡಿದ ಹುಡುಗಿಯ ಕಂಚಿನ ಬೊಂಬೆ. ಮೇಲೆ ಹತ್ತಿ, ಅವಳಿಗೆ ಹೂ ಕೊಟ್ಟು ಮುತ್ತಿಡಬೇಕು. 1926ರಲ್ಲಿ ಊರಿನವರು ಇದನ್ನು ನಿಷೇಧಿಸಿದರಂತೆ, ಯಾರೂ ಕೇಳಲಿಲ್ಲ. ಅಮ್ಮ ವಿಡಿಯೋ ಕಾಲಿನಲ್ಲಿ ನೋಡಿ, "ಬೀಳ್ತೀಯ ಕಣೇ, ಇಳಿ" ಅನ್ನುತ್ತಲೇ ಇದ್ದಳು.

ಇಷ್ಟಾದರೂ ಡಾಕ್ಟರ್ ಆಗುವುದಿಲ್ಲ. ಥೀಸಿಸ್ ಪ್ರಕಟವಾಗಿ ಲೈಬ್ರರಿಗೆ ಸೇರಿ, ಪ್ರಮಾಣಪತ್ರ ಕೈಗೆ ಬರುವವರೆಗೆ ಹೆಸರಿನ ಮುಂದೆ ಡಾ. ಹಾಕುವಂತಿಲ್ಲ. ಇದು ಅಲ್ಲಿ ಕಾನೂನು. ಅಷ್ಟರಲ್ಲಿ ಚಿಕ್ಕಪ್ಪನ ಮಗನ ಮದುವೆ ಕಾರ್ಡಿನಲ್ಲಿ ಸುಖಾಗಮನ ಬಯಸುವವರ ಸಾಲಿನಲ್ಲಿ ನನ್ನ ಹೆಸರು ಡಾ. ಸಮೇತ ಅಚ್ಚಾಗಿಬಿಟ್ಟಿತ್ತು. ಹೀಗೆಲ್ಲ ಹಾಕುವಂತಿಲ್ಲ ಅಪ್ಪಾ ಅಂದೆ. "ಜರ್ಮನಿಯವರು ತಿಪಟೂರಿಗೆ ಬಂದು ಕಾರ್ಡ್ ನೋಡ್ತಾರಾ?" ಅಂದರು.

ಕಾಂಟ್ರ್ಯಾಕ್ಟ್ ಮುಗಿದ ಮೇಲೆ ನಿರುದ್ಯೋಗ ಕಚೇರಿಗೆ ಹೋದೆ. ಪ್ರತಿ ತಿಂಗಳೂ ಆ ವಿಮೆಗೆ ಕತ್ತರಿಸಿದ್ದಕ್ಕೆ ಈಗ ಹಕ್ಕಿದೆ. ಮಕ್ಕಳಿಲ್ಲದವರಿಗೆ ಕೈಗೆ ಬರುತ್ತಿದ್ದ ಸಂಬಳದ ಸುಮಾರು 60%. ಅಲ್ಲಿ ಪದವಿ ಪಡೆದ ವಿದೇಶಿಯರಿಗೆ ಕೆಲಸ ಹುಡುಕಲು 18 ತಿಂಗಳವರೆಗೆ ಇರುವ ಅನುಮತಿಯೂ ಸಿಗುತ್ತದೆ. ಬರೀ ಸ್ಟೈಪೆಂಡ್ ಮೇಲೆ ಇದ್ದಿದ್ದರೆ ವಿಮೆಯ ದುಡ್ಡು ಸಿಗುತ್ತಿರಲಿಲ್ಲ. ಹಾಗಾಗಿ ಎಲ್ಲಿಂದಾದರೂ ಆಫರ್ ಬಂದರೆ ಮೊತ್ತ ನೋಡುವ ಮೊದಲು ಅದು ಕಾಂಟ್ರ್ಯಾಕ್ಟಾ, ಸ್ಟೈಪೆಂಡಾ ಅಂತ ನೋಡಿ. ಪೋಸ್ಟ್‌ಡಾಕ್‌ಗೆ ಎರಡು ಕಡೆ ಅರ್ಜಿ ಹಾಕಿದ್ದೇನೆ. ಒಂದು ಅಲ್ಲೇ, ಧ್ರುವದ ಡೇಟಾದ ಮೇಲೆ. ಇನ್ನೊಂದು ಬೆಂಗಳೂರಿನಲ್ಲಿ, ಆದಿತ್ಯ-ಎಲ್1ರ ಮೇಲೆ. ಅಮ್ಮನ ಓಟು ಬೆಂಗಳೂರಿಗೆ. ಅಪ್ಪ ಮಾತ್ರ ಎರಡರ ಸಂಬಳ, ಬಾಡಿಗೆ ಎಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಕೂತಿದ್ದಾರೆ, ಇನ್ನೂ ಏನೂ ಹೇಳಿಲ್ಲ.